ಗಂಜಿನ ಅಂಗಡಿಗೆ ಸರ್ವರ್ ಬೇಕೇ, ಒಂದು ಫೈಲ್ ಸಾಕೇ?

ದಸರೆ ಹತ್ತಿರವಾಗಿ ರಾಯಚೂರಿನ ರಾಜೇಂದ್ರ ಗಂಜಿಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಹತ್ತಿಯ ಗಾಡಿಗಳು ಬರತೊಡಗಿದವೆಂದರೆ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವ ನನ್ನ ಫೋನಿಗೆ ಬಿಡುವಿರುವುದಿಲ್ಲ. ಒಂದು ಅಂಗಡಿಯಲ್ಲಿ ಪ್ರಿಂಟರ್ ಮುನಿಸಿಕೊಂಡಿರುತ್ತದೆ. ಇನ್ನೊಂದರಲ್ಲಿ ಯಾವುದೋ ಕಾಲದಲ್ಲಿ ಯಾರೋ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ಸಾಧನದಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ. ಈ ಸಲ ಒಬ್ಬ ದಲಾಲಿ ಸಾಹುಕಾರರು ಎರಡು ಕೊಟೇಶನ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಒಂದರಲ್ಲಿ ಪ್ರತ್ಯೇಕ ಸರ್ವರ್ ಕಂಪ್ಯೂಟರ್, ಅದರ ಮೇಲೆ ಲೆಕ್ಕವನ್ನೆಲ್ಲ ಇಟ್ಟುಕೊಂಡು ಕೇಳಿದಾಗ ಕೊಡುವ ಡೇಟಾಬೇಸ್ ಸರ್ವರ್, ವರ್ಷಕ್ಕಿಷ್ಟು ನಿರ್ವಹಣೆ. ಇನ್ನೊಂದು ಕ್ಲೌಡ್, ತಿಂಗಳ ಬಾಡಿಗೆ.

"ಇಷ್ಟೆಲ್ಲ ನಮಗೆ ಬೇಕೇನು ತಮ್ಮಾ? ಮತ್ತೆ, ಕರೆಂಟ್ ಹೋದರೆ ಗತಿ ಏನು?" ಎಂದರು.

ಎರಡನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲನೆಯದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿಯೇ ತೋರಿಸಿದೆ. ಹಂಗಾಮಿನ ದಿನ 300 ಲಾಟು (ಒಬ್ಬ ರೈತನ ಮಾಲಿನ ಒಂದು ರಾಶಿ) ಬಂದವೆನ್ನೋಣ. ರೈತನ ಹೆಸರು, ಊರು, ಚೀಲ, ತೂಕ, ದರ, ಹಮಾಲಿ, ಖರೀದಿದಾರ ಎಲ್ಲ ಸೇರಿ ಲಾಟಿಗೆ 6 ಸಾಲು. ಸಾಲಿಗೆ ಧಾರಾಳವಾಗಿ 300 ಬೈಟ್. ಧಾರಾಳ ಯಾಕೆಂದರೆ ಕನ್ನಡಕ್ಕೆ ಜಾಗ ಹೆಚ್ಚು ಬೇಕು. 'ಬಳ್ಳಾರಿ' ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು 7 ಸಂಕೇತ, ಅವನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ 21 ಬೈಟ್. ಹೀಗಿದ್ದೂ ದಿನಕ್ಕೆ 5,40,000 ಬೈಟ್, ಅಂದರೆ ಅರ್ಧ ಎಂಬಿ ಚಿಲ್ಲರೆ. ವರ್ಷದಲ್ಲಿ 150 ದಿನ ಹೀಗೇ ನಡೆದರೆ 81 ಎಂಬಿ. ಹತ್ತು ವರ್ಷಕ್ಕೆ 810 ಎಂಬಿ. ಅವರ ಮಗಳ ಮದುವೆಯ ವಿಡಿಯೊ ಇದಕ್ಕಿಂತ ದೊಡ್ಡದಿದೆ.

ಡೇಟಾಬೇಸ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು 'ಮಾಹಿತಿ ಎಷ್ಟು ಬೆಳೆಯುತ್ತದೆ' ಎಂದು. ನಮ್ಮ ಕಡೆಯ ಅಂಗಡಿ, ಮಿಲ್ಲು, ಔಷಧ ಅಂಗಡಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳ ಮಟ್ಟಿಗೆ ಅದು ಕೆಲಸಕ್ಕೆ ಬಾರದ ಪ್ರಶ್ನೆ. ಏಕಕಾಲಕ್ಕೆ ಎಷ್ಟು ಕೈಗಳು ಬರೆಯುತ್ತವೆ, ಯಾವ ಯಾವ ಕಂಪ್ಯೂಟರಿನಿಂದ ಬರೆಯುತ್ತವೆ ಎಂದು ಕೇಳಬೇಕು. ಈ ಅಂಗಡಿಯಲ್ಲಿ ಬರೆಯುವ ಕೈ ಒಂದೇ, ಗುಮಾಸ್ತರದು. ಸಾಹುಕಾರರು ನೋಡುವವರು. ಅಷ್ಟಕ್ಕೆ ಒಂದು ಫೈಲ್ ಸಾಕು.

ಆ ಫೈಲನ್ನು ನೋಡಿಕೊಳ್ಳುವುದರ ಹೆಸರು ಎಸ್‌ಕ್ಯೂಲೈಟ್. ಇದು ಸರ್ವರ್‌ನಂತೆ ಬೇರೆಯಾಗಿ ಓಡುತ್ತಿರುವ ಪ್ರೋಗ್ರಾಂ ಅಲ್ಲ. ನಾವು ಬರೆದ ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಕೊಂಡು, ಡಿಸ್ಕಿನಲ್ಲಿರುವ ಒಂದು ಫೈಲನ್ನು ನೇರವಾಗಿ ಓದಿ ಬರೆಯುವ ಸಿದ್ಧ ಪ್ರೋಗ್ರಾಂ ತುಣುಕುಗಳ ಭಂಡಾರ (ಲೈಬ್ರರಿ). ಅದಕ್ಕೆಂದೇ ಇಂಥವನ್ನು ಅಂತರ್ಗತ ಡೇಟಾಬೇಸ್ ಎನ್ನುವುದು. ಇದು ಹುಟ್ಟಿದ ಸಂದರ್ಭ ಕೇಳಿದರೆ ಗಂಜಿನವರಿಗೂ ನಗು ಬರುತ್ತದೆ. ಡಿ. ರಿಚರ್ಡ್ ಹಿಪ್ ಎಂಬುವವರು ಅಮೆರಿಕದ ನೌಕಾಪಡೆಯ ಕ್ಷಿಪಣಿ ಹಡಗಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಅದು ಬೇರೊಂದು ಡೇಟಾಬೇಸ್ ಸರ್ವರ್ ಅನ್ನು ನೆಚ್ಚಿಕೊಂಡಿತ್ತು. ಸರ್ವರ್ ಮಲಗಿದಾಗಲೆಲ್ಲ 'ಸರ್ವರ್ ಸಿಗುತ್ತಿಲ್ಲ' ಎಂಬ ಸಂದೇಶ ಇವರ ಪ್ರೋಗ್ರಾಮಿನ ಪರದೆಯ ಮೇಲೆ ಬಂದು, ಬೈಗುಳ ಇವರಿಗೇ ಬೀಳುತ್ತಿತ್ತು. ಸರ್ವರೇ ಇಲ್ಲದ ಡೇಟಾಬೇಸ್ ಯಾಕಿರಬಾರದು ಎಂದು 2000ದಲ್ಲಿ ಇದನ್ನು ಬರೆದರು. ಯುದ್ಧನೌಕೆಯ ಗೋಳೇ ನಮ್ಮ ಗೋಳು: ಕೆಟ್ಟದ್ದು ಬೇರೆಯದು, ಫೋನು ಬರುವುದು ನಮಗೆ.

ಇವತ್ತು ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿ, ಪ್ರತಿ ಐಫೋನಿನಲ್ಲಿ ಇದು ಇದೆ. ಸಾಹುಕಾರರ ಜೇಬಿನಲ್ಲಿ ಆಗಲೇ ಹತ್ತಾರು ಎಸ್‌ಕ್ಯೂಲೈಟ್ ಫೈಲ್‌ಗಳಿದ್ದವು. ಯಾವುದಕ್ಕೂ ಅವರು ನಿರ್ವಹಣಾ ಶುಲ್ಕ ಕಟ್ಟಿರಲಿಲ್ಲ.

ಈಗ ಕರೆಂಟ್ ಪ್ರಶ್ನೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅರ್ಧ ಬರೆದದ್ದು ಏನಾಗುತ್ತದೆ? ಇದನ್ನು ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ವಿವರಿಸುವುದು ಕಷ್ಟ, ಗಂಜಿನ ಹಳೆಯ ಗುಮಾಸ್ತರಿಗೆ ಸುಲಭ. ಏಕೆಂದರೆ ಅವರು ಕಿರ್ದಿ ಮತ್ತು ಖತಾವಣಿ ಎರಡನ್ನೂ ಬರೆದವರು. ವ್ಯವಹಾರ ನಡೆದ ಕ್ಷಣದಲ್ಲಿ, ನಡೆದ ಕ್ರಮದಲ್ಲಿ, ಒಂದರ ಕೆಳಗೊಂದು ಕಿರ್ದಿಗೆ ಏರುತ್ತದೆ. ರಾತ್ರಿ ಕುಳಿತು ಅದನ್ನು ಖತಾವಣಿಯಲ್ಲಿ ಆಯಾ ಖಾತೆದಾರರ ಪುಟಕ್ಕೆ ಒಯ್ಯುತ್ತಾರೆ. ಹಾಗೆ ಒಯ್ಯುವಾಗ ದೀಪ ಆರಿದರೂ ಚಿಂತೆಯಿಲ್ಲ. ಖತಾವಣಿ ಅರ್ಧಕ್ಕೆ ನಿಂತಿರಬಹುದು, ಕಿರ್ದಿ ಪೂರ್ತಿ ಇದೆ. ಬೆಳಗ್ಗೆ ಮತ್ತೆ ಒಯ್ದರಾಯಿತು. ಕಿರ್ದಿಯಲ್ಲೇ ಕೊನೆಯ ಸಾಲು ಅರ್ಧಕ್ಕೆ ನಿಂತಿದ್ದರೆ ಅದೊಂದನ್ನು ಹೊಡೆದುಹಾಕುತ್ತಾರೆ.

ಎಸ್‌ಕ್ಯೂಲೈಟ್‌ನಲ್ಲಿ 2010ರಿಂದ ಇರುವ 'ವಾಲ್' (ರೈಟ್-ಅಹೆಡ್ ಲಾಗ್, ಅಂದರೆ ಮೊದಲೇ ಬರೆದಿಡುವ ದಾಖಲೆ) ಎಂಬ ವಿಧಾನ ಅಕ್ಷರಶಃ ಇದೇ. ಫೈಲನ್ನು ಅದು ಸಮ ಅಳತೆಯ 'ಪುಟ'ಗಳಾಗಿ ಭಾಗ ಮಾಡಿಕೊಂಡಿರುತ್ತದೆ; ಬದಲಾದ ಪುಟಗಳು ಮೊದಲು ಪಕ್ಕದ ಒಂದು ಫೈಲಿನ ಕೊನೆಗೆ ಸೇರುತ್ತವೆ. ವ್ಯವಹಾರ ಮುಗಿಯಿತೆಂಬ ಗುರುತು ಬಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಗುರುತಿಲ್ಲದ ತುಣುಕನ್ನು ಮುಂದಿನ ಸಲ ಫೈಲ್ ತೆರೆದಾಗ ತಾನೇ ಬಿಟ್ಟುಬಿಡುತ್ತದೆ. ಪಕ್ಕದ ಫೈಲ್ ಸುಮಾರು ಸಾವಿರ ಪುಟದಷ್ಟು ಬೆಳೆದಾಗ ಅದನ್ನೆಲ್ಲ ಮುಖ್ಯ ಫೈಲಿಗೆ ಒಯ್ಯುತ್ತದೆ. ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಓದಲು ಅಡ್ಡಿಯಿಲ್ಲ ಎಂಬುದು ಮೇಲಿನ ಲಾಭ. ತಾನಾಗಿ ಈ ವಿಧಾನದಲ್ಲಿ ಇರುವುದಿಲ್ಲ, ನಾವೇ ಹೇಳಿ ಚಾಲೂ ಮಾಡಬೇಕು. ಹಾಗೆಯೇ, ವೇಗ ಹೆಚ್ಚಿಸಲು, ಬರೆದದ್ದು ಡಿಸ್ಕಿಗೆ ನಿಜಕ್ಕೂ ತಲುಪುವವರೆಗೆ ಕಾಯಿಸುವ 'ಸಿಂಕ್ರೊನಸ್' ಎಂಬ ಹೊಂದಿಕೆಯನ್ನು ಸಡಿಲಿಸಿ ಎಂದು ಸಲಹೆ ಕೊಡುವವರಿದ್ದಾರೆ. ಗಂಜಿನಲ್ಲಿ ಅದನ್ನು ಮಾಡಬೇಡಿ. ವಾಲ್ ವಿಧಾನದಲ್ಲಿ ಅದನ್ನು 'ನಾರ್ಮಲ್' ಮಟ್ಟಕ್ಕೆ ಸಡಿಲಿಸಿದರೆ ಫೈಲ್ ಕೆಡುವುದಿಲ್ಲವಾದರೂ ಕರೆಂಟ್ ಹೋದಾಗ ಕೊನೆಯ ಒಂದೆರಡು ಬಿಲ್ಲು ಮಾಯವಾಗಬಹುದು; ಪೂರ್ತಿ ಆರಿಸಿದರೆ ಫೈಲೇ ಕೆಡಬಹುದು. ರೈತರ ಕೈಯಲ್ಲಿ ಬಿಲ್ಲಿನ ಪಟ್ಟಿ ಇದ್ದು ನಮ್ಮಲ್ಲಿ ಇಲ್ಲದಿದ್ದರೆ ಜಗಳಕ್ಕೆ ಹೊಣೆ ಯಾರು?

ಈ ಕಿರ್ದಿಯ ಉಪಮೆಯನ್ನು ನಾನು ಕಲಿತದ್ದು ಒಂದು ಎಡವಟ್ಟಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಗೆ, ದಿನಾ ಸಂಜೆ ಡೇಟಾಬೇಸ್ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ ಎಂದು ಹೇಳಿಕೊಟ್ಟಿದ್ದೆ. ಗುಮಾಸ್ತರು ಶ್ರದ್ಧೆಯಿಂದ ಮಾಡುತ್ತಿದ್ದರು. ಪ್ರೋಗ್ರಾಂ ಮುಚ್ಚಿ ಮಾಡಿ ಎಂದು ಮಾತ್ರ ನಾನು ಹೇಳಿರಲಿಲ್ಲ. ಒಂದು ದಿನ ಡಿಸ್ಕ್ ಹೋಯಿತು. ಪೆನ್‌ಡ್ರೈವಿನಿಂದ ಫೈಲ್ ಮರಳಿ ತಂದು ನೋಡಿದರೆ ಹಿಂದಿನ ದಿನ ಮಧ್ಯಾಹ್ನದ ನಂತರದ ಬಿಲ್ಲುಗಳೇ ಇಲ್ಲ. ಲೆಕ್ಕ ಸರಳ: ಪುಟಕ್ಕೆ 4,096 ಬೈಟ್, ಸಾವಿರ ಪುಟವೆಂದರೆ 4 ಎಂಬಿ. ಒಂದು ಬಿಲ್ಲು ನಾಲ್ಕೈದು ಪುಟ ಮುಟ್ಟುತ್ತದೆಂದರೆ ಇನ್ನೂರಕ್ಕೂ ಹೆಚ್ಚು ಬಿಲ್ಲುಗಳು ಪಕ್ಕದ ಫೈಲಿನಲ್ಲೇ ಉಳಿದಿರಬಹುದು. ಪ್ರೋಗ್ರಾಂ ಮುಚ್ಚಿದ್ದರೆ ಅವು ಮುಖ್ಯ ಫೈಲಿಗೆ ಹೋಗಿರುತ್ತಿದ್ದವು. ನಾವು ಖತಾವಣಿಯನ್ನು ಜೋಪಾನ ಮಾಡಿ ಕಿರ್ದಿಯನ್ನು ಮೇಜಿನ ಮೇಲೆ ಬಿಟ್ಟು ಬಂದಿದ್ದೆವು. ಕಾಗದದ ಕಿರ್ದಿ ಇದ್ದದ್ದರಿಂದ ನನ್ನ ಮಾನ ಉಳಿಯಿತು. ಈಗ ನನ್ನ ಪ್ರೋಗ್ರಾಮಿನಲ್ಲಿ 'ನಕಲು ತೆಗೆ' ಎಂಬ ಗುಂಡಿಯೇ ಇದೆ. ಅದು 2019ರಲ್ಲಿ ಬಂದ 'ವ್ಯಾಕ್ಯೂಮ್ ಇಂಟು' ಆಜ್ಞೆ ಬಳಸಿ, ಓಡುತ್ತಿರುವ ಡೇಟಾಬೇಸಿನಿಂದಲೇ ಪೂರ್ಣ ನಕಲನ್ನು ಬೇರೆ ಫೈಲಿಗೆ ಬರೆಯುತ್ತದೆ. ಆಮೇಲೆ ಆ ನಕಲನ್ನೇ ತೆರೆದು ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ.

ಇನ್ನೊಂದು ಎಡವಟ್ಟು ಕೊಪ್ಪಳ ಜಿಲ್ಲೆಯ ಗೊಬ್ಬರದ ಅಂಗಡಿಯಲ್ಲಿ ನಡೆದದ್ದು. ಅಲ್ಲಿಯ ಗುಮಾಸ್ತರು ಕನ್ನಡ ಕೀಲಿಮಣೆಯಲ್ಲಿ ಚುರುಕು. ದಾಸ್ತಾನಿನ ಚೀಲಗಳ ಕಾಲಮ್ಮನ್ನು ನಾನು ಪೂರ್ಣಾಂಕವೆಂದೇ ಘೋಷಿಸಿದ್ದೆ. ನಾಲ್ಕು ನಮೂದುಗಳು: 120, 180, 100, ೫೦. ಮೊತ್ತ 450 ಬರಬೇಕು. ಪರದೆಯಲ್ಲಿ ಬಂದದ್ದು 400.0.

ಆ ಕೊನೆಯ '.0' ಯಾಕೆ ಬಂತೆಂದು ಯಾರಾದರೂ ಅಂದೇ ಕೇಳಿದ್ದರೆ ತಿಂಗಳ ಕೊನೆಯಲ್ಲಿ ಗೋದಾಮಿನ ಚೀಲ ಎಣಿಸುವ ಶ್ರಮ ತಪ್ಪುತ್ತಿತ್ತು. ನಡೆದದ್ದು ಇಷ್ಟು. ಎಸ್‌ಕ್ಯೂಲೈಟ್ ಕಾಲಮ್ಮಿನ ಬಗೆಯನ್ನು ಆಜ್ಞೆಯಾಗಿ ಅಲ್ಲ, ಸಲಹೆಯಾಗಿ ತೆಗೆದುಕೊಳ್ಳುತ್ತದೆ. '120' ಎಂಬ ಪಠ್ಯ ಕೊಟ್ಟರೆ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. '೫೦' ಅದಕ್ಕೆ ಸಂಖ್ಯೆಯಂತೆ ಕಾಣುವುದಿಲ್ಲ, ಹಾಗಾಗಿ ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ದೂರು ಹೇಳುವುದಿಲ್ಲ. ಮೊತ್ತ ಮಾಡುವಾಗ ಅಂಥ ಪಠ್ಯಕ್ಕೆ ಬೆಲೆ ಸೊನ್ನೆ, ಜೊತೆಗೆ ಉತ್ತರ ದಶಮಾಂಶಕ್ಕೆ ತಿರುಗುತ್ತದೆ. ವಿಚಿತ್ರವೆಂದರೆ ನಾನು ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಗೆ '೫೦' ಎಂದರೆ 50 ಎಂದೇ ಗೊತ್ತು. ನಾನು ಅಲ್ಲಿಯೇ ಸಂಖ್ಯೆಯಾಗಿ ಬದಲಿಸಿ ಕಳಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. 2021ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಟೇಬಲ್ ರಚಿಸುವಾಗ 'ಸ್ಟ್ರಿಕ್ಟ್' ಎಂಬ ಪದ ಸೇರಿಸಬಹುದು; ಆಗ ಇಂಥದ್ದನ್ನು ಒಳಗೆ ಬಿಡದೆ ದೋಷ ತೋರಿಸುತ್ತದೆ. ಅದಿಲ್ಲದೆ ನಾನು ಈಗ ಒಂದು ಟೇಬಲ್ಲನ್ನೂ ಮಾಡುವುದಿಲ್ಲ. ಇದು ಎಸ್‌ಕ್ಯೂಲೈಟ್‌ನ ದೋಷವೇ ಎಂದರೆ, ಅದನ್ನು ಮಾಡಿದವರು ಇದೊಂದು ಅನುಕೂಲ ಎನ್ನುತ್ತಾರೆ. ಎನ್ನಲಿ, ನಾನು ಒಪ್ಪುವುದಿಲ್ಲ.

ಕನ್ನಡದ ವಿಷಯ ಬಂದದ್ದರಿಂದ ಇನ್ನೂ ಎರಡು ಮಾತು. ಊರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಅದು ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕಟ್ಟಕಡೆಗೆ, ಯೂನಿಕೋಡಿನಲ್ಲಿ 'ಲ'ದ ಪಕ್ಕ. ಹೀಗಾಗಿ ಬಸಾಪುರದ ನಂತರ ಬರಬೇಕಾದ ಬಳ್ಳಾರಿ ಅದಕ್ಕೂ ಮೊದಲೇ ಬಂದು ಕೂರುತ್ತದೆ. ಇನ್ನೊಂದು: 'ಕೊ' ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟುಗಳಲ್ಲಿ ಬೇರೆ. ಹಳೆಯ ಮಾಹಿತಿಯನ್ನು ಯೂನಿಕೋಡಿಗೆ ತಂದಾಗ ಊರುಗಳ ಪಟ್ಟಿಯಲ್ಲಿ ಎರಡು ಕೊಪ್ಪಳ ಕಾಣಿಸಿಕೊಳ್ಳುವುದು ಹೀಗೆ. ಇದನ್ನು ಡೇಟಾಬೇಸ್ ಸರಿಪಡಿಸುವುದಿಲ್ಲ. ಒಳಗೆ ಬಿಡುವ ಮೊದಲು ನಾವೇ ಒಂದು ರೂಪಕ್ಕೆ ತರಬೇಕು.

ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ತೂಕವನ್ನು ಗ್ರಾಂನಲ್ಲಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ದರವನ್ನು 75 ಕಿಲೋ ಚೀಲಕ್ಕೆ ಹೇಳುತ್ತಾರೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. ಈ ಎರಡರ ನಡುವಿನ ಭಾಗಾಕಾರದಲ್ಲಿ ದಶಮಾಂಶದ ಪುಡಿ ಉದುರುತ್ತದೆ, ಅದು ಸೇರುತ್ತ ಸೇರುತ್ತ ವರ್ಷಾಂತ್ಯಕ್ಕೆ ರೂಪಾಯಿಯಾಗುತ್ತದೆ. ದಿನಾಂಕಕ್ಕೆ ಇಲ್ಲಿ ಪ್ರತ್ಯೇಕ ಬಗೆಯೇ ಇಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಪಠ್ಯವಾಗಿ ಬರೆದರೆ ಜೋಡಣೆ ಸರಿಯಾಗುತ್ತದೆ. 'ಈಗ' ಎಂದು ಕೇಳಿದರೆ ಅದು ಹೇಳುವುದು ಗ್ರೀನ್‌ವಿಚ್ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಸುಗ್ಗಿಯಲ್ಲಿ ರೈಸ್ ಮಿಲ್ಲಿನ ವೇಬ್ರಿಡ್ಜ್ ರಾತ್ರಿಯಿಡೀ ನಡೆಯುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ತೂಗಿದ ಲಾರಿಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತವೆ. ಸ್ಥಳೀಯ ಸಮಯ ಬೇಕೆಂದು ಬಾಯಿಬಿಟ್ಟು ಕೇಳಬೇಕು.

ರೈಸ್ ಮಿಲ್ಲೆಂದಾಗ ಇನ್ನೊಂದು ಮಗ್ಗುಲು ನೋಡಲೇಬೇಕು. ಗಂಗಾವತಿ, ಕಾರಟಗಿ ಕಡೆಯ ಮಿಲ್ಲುಗಳಲ್ಲಿ ಗೇಟಿನಲ್ಲೊಂದು, ವೇಬ್ರಿಡ್ಜ್ ಕೋಣೆಯಲ್ಲೊಂದು, ಗೋದಾಮಿನಲ್ಲೊಂದು, ಆಫೀಸಿನಲ್ಲೊಂದು ಕಂಪ್ಯೂಟರ್ ಇರುತ್ತದೆ. ನಾಲ್ಕೂ ಬರೆಯುತ್ತವೆ. ಇಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವುದು ಏನೆಂದರೆ, ಎಸ್‌ಕ್ಯೂಲೈಟ್ ಫೈಲನ್ನು ಆಫೀಸಿನ ಕಂಪ್ಯೂಟರಿನಲ್ಲಿಟ್ಟು ಆ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚಿಬಿಡುವುದು. ಫಾಕ್ಸ್‌ಪ್ರೋ ಕಾಲದ ಅಭ್ಯಾಸ. ದಯವಿಟ್ಟು ಬೇಡ. ಒಂದು ಹೊತ್ತಿಗೆ ಒಬ್ಬರೇ ಬರೆಯಬೇಕೆಂಬ ಕಾವಲು ಕಾಯುವುದು ಫೈಲಿನ ಮೇಲೆ ಹಾಕುವ ಬೀಗ. ನೆಟ್‌ವರ್ಕಿನ ಮೇಲೆ ಆ ಬೀಗ ಹಲವು ಸಲ ಹುಸಿಯಾಗಿರುತ್ತದೆ. ಇಬ್ಬರಿಗೂ ಬೀಗ ಸಿಕ್ಕಿತೆಂಬ ಭ್ರಮೆ ಹುಟ್ಟಿ ಇಬ್ಬರೂ ಬರೆದರೆ ಫೈಲ್ ಕೆಡುತ್ತದೆ. ವಾಲ್ ವಿಧಾನವಂತೂ ಒಂದೇ ಯಂತ್ರದ ಸ್ಮೃತಿಯನ್ನು ನಂಬಿಕೊಂಡಿದೆ, ನೆಟ್‌ವರ್ಕಿನ ಆಚೆಯಿಂದ ಅದು ನಡೆಯುವುದೇ ಇಲ್ಲ.

ಒಂದೇ ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ ಬರೆಯುವುದಾದರೆ ತೊಂದರೆಯಿಲ್ಲ. ಒಂದು ಬರಹಕ್ಕೆ ಹಿಡಿಯುವುದು ಕೆಲವು ಮಿಲಿಸೆಕೆಂಡು. ಬೀಗ ಬಿದ್ದಿದ್ದರೆ ಐದು ಸೆಕೆಂಡು ಕಾಯಿ ಎಂದು ಹೇಳಿಟ್ಟರೆ ಸಾಕು. ಹಾಗೆ ಹೇಳದಿದ್ದರೆ ಕಾಯದೆ ಆ ಕ್ಷಣವೇ ದೋಷ ಎಸೆಯುತ್ತದೆ. ನಾಲ್ಕು ಕಂಪ್ಯೂಟರಿನ ಮಿಲ್ಲಿಗೆ ಮಾತ್ರ ನಾನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರ್ ಹಾಕುತ್ತೇನೆ. ಅದೂ ಉಚಿತವೇ. ಆದರೆ ರಾತ್ರಿ ಹನ್ನೊಂದಕ್ಕೆ ಅದು ಏಳದಿದ್ದರೆ ಎಬ್ಬಿಸುವವರು ಬೇಕು. ಆ ಮನುಷ್ಯನ ಖರ್ಚನ್ನು ಕೊಟೇಶನ್ನಿನಲ್ಲಿ ಯಾರೂ ಬರೆಯುವುದಿಲ್ಲ.

ಬೇರೆ ಆಯ್ಕೆಗಳಿಲ್ಲವೇ? ಇವೆ, ಹೆಚ್ಚಿನವು ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಮೈಕ್ರೋಸಾಫ್ಟಿನ ಆಕ್ಸೆಸ್ ಫೈಲ್ 2 ಜಿಬಿಗೆ ನಿಲ್ಲುತ್ತದೆ. ಜಾವಾದಲ್ಲಿ ಬರೆಯುವವರಿಗೆ ಎಚ್2 ಇದೆ. ಲೆವೆಲ್‌ಡಿಬಿ, ಎಲ್‌ಎಂಡಿಬಿಯಂಥವು ಕೀಲಿ ಕೊಟ್ಟರೆ ಮೌಲ್ಯ ಕೊಡುವ ಪೆಟ್ಟಿಗೆಗಳು. ಯಾವ ಊರಿನಿಂದ ಎಷ್ಟು ಚೀಲ ಬಂತೆಂಬ ಲೆಕ್ಕವನ್ನು ಅಲ್ಲಿ ನೀವೇ ಬರೆದುಕೊಳ್ಳಬೇಕು. ಡಕ್‌ಡಿಬಿ ಮಾತ್ರ ಪಕ್ಕದಲ್ಲಿ ಇಟ್ಟುಕೊಳ್ಳುವಂಥದ್ದು. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ 2024ರಲ್ಲಿ 1.0 ಆವೃತ್ತಿ ಕಂಡ ಇದು, ಸಾಲುಗಳ ಬದಲು ಕಾಲಮ್ಮುಗಳನ್ನು ಒಟ್ಟಿಗೆ ಇಡುತ್ತದೆ. ಐದು ವರ್ಷದ ಸೋನಾ ಮಸೂರಿ ದರ ತಿಂಗಳುವಾರು ಬೇಕೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತದೆ, ಎಸ್‌ಕ್ಯೂಲೈಟ್ ಫೈಲನ್ನೇ ನೇರ ಓದಬಲ್ಲದು. ಬಿಲ್ಲು ಬರೆಯಲು ಅದಲ್ಲ.

ಆಯುಷ್ಯದ ಪ್ರಶ್ನೆಯೂ ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ದಿನ ಆ ಫೈಲನ್ನು ತೆರೆಯಬಲ್ಲ ಸಾಧನ ಇರಬೇಕಲ್ಲ. ಮೊಬೈಲ್ ಆ್ಯಪ್ ಬರೆಯುವವರು ಮೆಚ್ಚಿಕೊಂಡಿದ್ದ ರೆಲ್ಮ್ ಎಂಬ ಡೇಟಾಬೇಸನ್ನು 2019ರಲ್ಲಿ ಮೊಂಗೊಡಿಬಿ ಎಂಬ ಕಂಪನಿ ಕೊಂಡಿತು. ಫೋನು ಮತ್ತು ಸರ್ವರಿನ ಮಾಹಿತಿಯನ್ನು ಸರಿಹೊಂದಿಸುವ ಅದರ ಸಿಂಕ್ ಸೇವೆಯನ್ನು ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. 2004ರಲ್ಲಿ ಬಂದ ರೂಪದ ಎಸ್‌ಕ್ಯೂಲೈಟ್ ಫೈಲನ್ನು ಇಂದಿನ ಆವೃತ್ತಿಯೂ ತೆರೆಯುತ್ತದೆ, 2050ರವರೆಗೆ ನೋಡಿಕೊಳ್ಳುವುದಾಗಿ ಅದರ ತಂಡ ಮಾತು ಕೊಟ್ಟಿದೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ದಾಖಲೆ ಕಾಪಿಡಲು ಯೋಗ್ಯವಾದ ರೂಪಗಳ ಸಾಲಿಗೆ ಸೇರಿಸಿದೆ. ಅದರ ಮೂಲ ಸಂಕೇತಕ್ಕೆ (ಸೋರ್ಸ್ ಕೋಡ್) ಯಾರ ಹಕ್ಕುಸ್ವಾಮ್ಯವೂ ಇಲ್ಲ, ಊರ ಮುಂದಿನ ಗೋಮಾಳದ ಹಾಗೆ.

ನನಗೆ ನಿಜಕ್ಕೂ ಅಂಜಿಕೆ ಹುಟ್ಟಿಸುವುದು ಬೇರೆ. ಒಂದೇ ಫೈಲ್ ಎಂದರೆ ಒಂದೇ ಪೆನ್‌ಡ್ರೈವಿನಲ್ಲಿ ಎಲ್ಲವೂ ಹೊರಟುಹೋಗಬಹುದು: ಸಾವಿರಾರು ರೈತರ ಹೆಸರು, ಫೋನು, ಬ್ಯಾಂಕ್ ಖಾತೆಯ ಸಂಖ್ಯೆ. ಎಸ್‌ಕ್ಯೂಲೈಟ್‌ಗೆ ಬಳಕೆದಾರ, ಪಾಸ್‌ವರ್ಡ್, ಅನುಮತಿ ಎಂಬ ಕಲ್ಪನೆಯೇ ಇಲ್ಲ. ಫೈಲ್ ಸಿಕ್ಕವನೇ ಒಡೆಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿದಿಲ್ಲ. ಫೈಲನ್ನೇ ಗೂಢಲಿಪಿಯಲ್ಲಿಡುವ ಎಸ್‌ಕ್ಯೂಎಲ್‌ಸೈಫರ್ ಮುಕ್ತವಾಗಿ ಸಿಗುತ್ತದೆ. ಆದರೆ ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದನ್ನೂ ನಾನು ನೋಡಿದ್ದೇನೆ.

ರಾಜೇಂದ್ರ ಗಂಜಿನ ಸಾಹುಕಾರರು ಒಪ್ಪಿದರು. ಫಾಕ್ಸ್‌ಪ್ರೋದ ಹಳೆಯ 20,000 ನಮೂದುಗಳನ್ನು ತರುವಾಗ ಮೊದಲ ಸಲ ಒಂದೊಂದನ್ನೇ ಬರೆಸಿದೆ. ಅವರ ಹಳೆಯ ತಿರುಗುವ ಡಿಸ್ಕಿನಲ್ಲಿ ಚಹಾ ತರಿಸಿ ಕುಡಿದು ಮುಗಿದರೂ ಆಗಲಿಲ್ಲ. ಪ್ರತಿ ನಮೂದಿಗೂ ಅದು ಡಿಸ್ಕ್ ಸುತ್ತುವವರೆಗೆ ಕಾಯುತ್ತದೆ. ಎಲ್ಲವನ್ನೂ ಒಂದೇ ವ್ಯವಹಾರವಾಗಿ ಕಟ್ಟಿ ಕೊಟ್ಟಾಗ ಲೋಟ ಕೆಳಗಿಡುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ಅವರ ಎರಡನೆಯ ಪ್ರಶ್ನೆ. ಹನ್ನೊಂದು ಸುಳ್ಳು ಬಿಲ್ಲುಗಳನ್ನು ಹಾಕಿ, ಹನ್ನೆರಡನೆಯದು ಪ್ರಿಂಟರಿನಿಂದ ಹೊರಬರುತ್ತಿರುವಾಗಲೇ ಪ್ಲಗ್ಗನ್ನು ಅವರ ಕೈಯಿಂದಲೇ ಕೀಳಿಸಿದೆ. ಅರ್ಧ ಮುದ್ರಿತವಾದ ಪಟ್ಟಿ ಪ್ರಿಂಟರಿನ ಬಾಯಲ್ಲೇ ಉಳಿಯಿತು. ಕಂಪ್ಯೂಟರ್ ಮತ್ತೆ ಎದ್ದಾಗ ಹನ್ನೆರಡೂ ಇದ್ದವು, ಏಕೆಂದರೆ ಬರೆದ ಮೇಲೆಯೇ ಮುದ್ರಿಸುವಂತೆ ಮಾಡಿದ್ದೆ. ಸಾಹುಕಾರರು ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. ಇನ್ನೂ ಎರಡು ಸಲ ಪ್ಲಗ್ ಕಿತ್ತರು. ಮೂರನೆಯ ಸಲ, ಮೊತ್ತ ತುಂಬಿ 'ಉಳಿಸು' ಒತ್ತುವ ಮೊದಲೇ ಕಿತ್ತಿದ್ದರಿಂದ ಆ ಒಂದು ಬಿಲ್ಲು ಮಾತ್ರ ಇರಲಿಲ್ಲ.

"ಇದು ಸರಿ" ಎಂದರು. "ಒತ್ತದೆ ಇದ್ದದ್ದು ಬರಬಾರದು."

ಕೊಟೇಶನ್‌ಗಳನ್ನು ಮಡಚಿ ಡ್ರಾಯರಿಗೆ ಹಾಕಿದರು. ಕಾಗದದ ಕಿರ್ದಿ ನಿಲ್ಲಿಸುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.